ಫೋಟೋದಲ್ಲಿ ಕಾಣದ ತಪ್ಪು

14 ಜೂನ್ 2025, ಶನಿವಾರ

ಪ್ರೋಗ್ರಾಮಿಂಗ್ ಕಲಿಯುವವರ ಗುಂಪಿಗೆ ಬೆಳಿಗ್ಗೆ ಒಬ್ಬ ಹುಡುಗ ಮೆಸೇಜ್ ಹಾಕಿದ್ದ. "ಸರ್ ಕೋಡ್ ವರ್ಕ್ ಆಗ್ತಿಲ್ಲ, ಅರ್ಜೆಂಟ್." ಜೊತೆಗೆ ಮಾನಿಟರಿನ ಫೋಟೋ. ಓರೆಯಾಗಿ ತೆಗೆದದ್ದು, ನಡುವೆ ಟ್ಯೂಬ್‌ಲೈಟಿನ ಬಿಳಿ ಪಟ್ಟೆ. ನಾನು ನೋಡುವ ಹೊತ್ತಿಗೆ ಒಬ್ಬರು "ಗೂಗಲ್ ಮಾಡೋಕೆ ಬರಲ್ವಾ?" ಅಂತ ಗದರಿಯೂ ಆಗಿತ್ತು. ಈ ಮಾತು ನನಗೆ ಆಗಿಬರುವುದಿಲ್ಲ. ಏನಂತ ಹುಡುಕಬೇಕು ಅನ್ನುವುದೇ ತಿಳಿಯದವನಿಗೆ ಹುಡುಕು ಅಂದರೆ ಏನು ಬಂತು?

ಏನು ಮಾಡಲು ಹೊರಟಿದ್ದೀಯ, ಏನು ಬರಬೇಕಿತ್ತು, ಏನು ಬಂತು ಅಂತ ಕೇಳಿದೆ. ಆಗ ಕಥೆ ಹೊರಬಿತ್ತು. ಅವನ ಬಳಿ ಕನ್ನಡ ಹೆಸರುಗಳ ಎರಡು ಪಟ್ಟಿ ಇವೆ. ಒಂದು ಎಕ್ಸೆಲ್‌ನದು, ಇನ್ನೊಂದು ಫೋನಿನಲ್ಲಿ ಟೈಪ್ ಮಾಡಿದ್ದು. ಎರಡರಲ್ಲೂ 'ರಮೇಶ್' ಇದ್ದಾನೆ, ಆದರೆ ಅವನು ಕೋಡ್ ಬರೆದ ಭಾಷೆ ಪೈಥಾನ್ ಇಬ್ಬರೂ ಬೇರೆ ಅನ್ನುತ್ತಿದೆ. ಚಾಟ್‌ಜಿಪಿಟಿ ಪದದ ಎರಡೂ ತುದಿಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಹಾಕು ಅಂದಿತ್ತಂತೆ. ಹಾಕಿದರೂ ಅದೇ ಪಾಡು. ಪಾಪ, ಅದಕ್ಕೂ ಇವನು ಹೆಸರುಗಳನ್ನು ಕೊಟ್ಟಿರಲಿಲ್ಲ, ಬಾಯಿಮಾತಲ್ಲಿ ವಿವರಿಸಿದ್ದನಷ್ಟೆ.

ಇಡೀ ಪ್ರೋಗ್ರಾಂ ಬೇಡ, ಆ ಎರಡು ಹೆಸರು ಮತ್ತು ಹೋಲಿಸುವ ಸಾಲು ಮಾತ್ರ ಕಾಪಿ ಮಾಡಿ ಹಾಕು ಅಂದೆ. ಹಾಕಿದ. ನನ್ನ ಕಂಪ್ಯೂಟರಿಗೆ ಅಂಟಿಸಿ, ಅಕ್ಷರ, ಅದಕ್ಕೆ ಸೇರುವ ಗುರುತು ಎಲ್ಲವನ್ನೂ ಬೇರೆ ಬೇರೆ ಎಣಿಸುವ ಲೆನ್ ಕೊಟ್ಟು ನೋಡಿದರೆ ಒಂದು ರಮೇಶ್‌ಗೆ 5, ಇನ್ನೊಂದಕ್ಕೆ 6. ಕೊನೆಯಲ್ಲಿ ಒಂದು ಕಾಣದ ಸಂಕೇತ ಕೂತಿತ್ತು, ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನ 200ಸಿ. 'ರಾಜ್‌ಕುಮಾರ್' ಅಂತ ಒತ್ತಕ್ಷರ ಆಗದಂತೆ ಬರೆಯಲು ಬೇಕಾಗುವುದು ಇದೇ. ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಕಣ್ಣಿಗೆ ಬೀಳುವುದೇ ಇಲ್ಲ. ಪೈಥಾನ್ ಇದನ್ನು ಖಾಲಿ ಜಾಗ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಸ್ಟ್ರಿಪ್‌ಗೂ ಸಿಗುವುದಿಲ್ಲ. ಹುಡುಕಿ ಬದಲಿಸುವ ರಿಪ್ಲೇಸ್ ಬಳಸಿ ಇದನ್ನು ತೆಗೆದರೆ ಒಂದೇ ಸಾಲಿನ ಕೆಲಸ. ಹೋಲಿಸುವಾಗ ಮಾತ್ರ ತೆಗಿ, ಮೂಲ ಪಟ್ಟಿಯಿಂದ ತೆಗೀಬೇಡ ಅಂತಲೂ ಹೇಳಿದೆ. ಇಲ್ಲದಿದ್ದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗಿಬಿಡುತ್ತಾರೆ!

ಎಷ್ಟು ಹಿಗ್ಗಿಸಿ ನೋಡಿದರೂ ಆ ಫೋಟೋದಲ್ಲಿ ಇದು ಯಾರಿಗೂ ಸಿಗುತ್ತಿರಲಿಲ್ಲ. ಕೋಡನ್ನು ಅಕ್ಷರದಲ್ಲೇ ಹಾಕಿ ಅಂತ ನಾವು ಪೀಡಿಸುವುದು ಸುಮ್ನೆ ಶಿಸ್ತಿಗಲ್ಲ. ಫೋಟೋದಿಂದ ಕಾಪಿ ಮಾಡಿ ಓಡಿಸಿ ನೋಡಲು ಆಗುವುದಿಲ್ಲ. ಕಣ್ಣು ಕಾಣದ ಪ್ರೋಗ್ರಾಮರುಗಳಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಏನೂ ಇರುವುದಿಲ್ಲ. 2008ರಲ್ಲಿ ಶುರುವಾದ, ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲೂ ಕೋಡಿನ ಚಿತ್ರ ಹಾಕಬೇಡಿ ಅಂತಲೇ ಹೇಳುತ್ತಾರೆ.

ಎರರ್ ಬಂದಿದ್ದರೆ ಅದನ್ನೂ ಪೂರ್ತಿ ಹಾಕಬೇಕು. ಜಾಸ್ತಿ ಜನ ಮೊದಲ ಸಾಲು ಕೊಟ್ಟು ಸುಮ್ಮನಾಗುತ್ತಾರೆ. ಪೈಥಾನ್‌ನಲ್ಲಿ ಏನು ಕೆಟ್ಟಿದೆ ಅನ್ನುವುದು ಇರುವುದು ಕೊನೆಯ ಸಾಲಿನಲ್ಲಿ. ಇನ್ನೊಂದು ಭಾಷೆ ಜಾವಾದಲ್ಲಿ ತಲೆಯ ಸಾಲಿನ ಜೊತೆಗೆ ಕೆಳಗೆ ಕಾರಣ ಹೇಳುವ 'ಕಾಸ್ಡ್ ಬೈ' ಎಲ್ಲಿದೆ ಅಂತ ಹುಡುಕಬೇಕು.

ಹುಡುಗ "ಸರಿ ಹೋಯ್ತು ಥ್ಯಾಂಕ್ಸ್" ಅಂದ. ಏನು ಮಾಡಿದ ಮೇಲೆ ಸರಿ ಹೋಯ್ತು ಅಂತಲೂ ಬರಿ ಅಂದೆ. ಬರೆದ. ಅವನ ಮೊದಲ ಮೆಸೇಜಿನಿಂದ 'ಅರ್ಜೆಂಟ್' ತೆಗೆಸಿ "ಪೈಥಾನ್: ಒಂದೇ ತರ ಕಾಣುವ ಎರಡು ಕನ್ನಡ ಹೆಸರು ಸಮ ಅಂತ ಬರುತ್ತಿಲ್ಲ" ಅಂತ ಮಾಡಿಸಿದೆ. ಮುಂದೆ ಇದೇ ತೊಂದರೆ ಬಂದವರು ಹುಡುಕುವುದು ಈ ಪದಗಳನ್ನೇ ಅಲ್ವಾ?

ರಾತ್ರಿ, ಬೆಳಿಗ್ಗೆ ಗದರಿದವರಿಂದಲೇ ನನಗೆ ಖಾಸಗಿ ಮೆಸೇಜ್ ಬಂತು. 'ರ‍್ಯಾಂಕ್' ಬರೆಯುವಾಗ ಸೇರುವ ಇನ್ನೊಂದು ಕಾಣದ ಸಂಕೇತ 200ಡಿ ಕೂಡ ಹೀಗೇ ಕಾಟ ಕೊಡುತ್ತಾ ಅಂತ. ಕೊಡುತ್ತೆ, ಗುಂಪಿನಲ್ಲೇ ಕೇಳಿ, ಅಲ್ಲೇ ಉತ್ತರ ಬರೆಯುತ್ತೇನೆ ಅಂದೆ.