"ಅವರೂ ವೀಸಾ ತಗೊಂಡು ಬರಬಹುದಿತ್ತಲ್ವಾ?"

ಜರ್ಮನಿಯಲ್ಲಿ ಆಶ್ರಯ ಕೇಳಿ ಬಂದವರ ಜೊತೆ, ಕಾಗದಪತ್ರ ಇಲ್ಲದವರ ಜೊತೆ ನಾನು ಕೆಲಸ ಮಾಡುತ್ತೇನೆ. ಅದು ಗೊತ್ತಾದ ಕೂಡಲೇ ನಮ್ಮವರು ಕೇಳುವುದು ಇದನ್ನೇ: "ನಾವೆಲ್ಲ ಕಷ್ಟಪಟ್ಟು ವೀಸಾ ತಗೊಂಡು ಬಂದ್ವಿ. ಅವರೂ ಹಾಗೇ ಬರಬಹುದಿತ್ತಲ್ವಾ?"

ಬರೋಕಾಗಲ್ಲ. ಆಶ್ರಯ ಕೇಳಲು ಅಂತ ಒಂದು ವೀಸಾನೇ ಇಲ್ಲ. ಯಾವ ಜರ್ಮನ್ ರಾಯಭಾರ ಕಚೇರಿಯೂ ಆ ಅರ್ಜಿ ತಗೊಳ್ಳುವುದಿಲ್ಲ. ಕಾಬೂಲಿನ ಕಚೇರಿಯಂತೂ 2021ರಲ್ಲಿ ಬಾಗಿಲು ಹಾಕಿತು. ಆಶ್ರಯ ಬೇಕು ಅನ್ನುವವರು ಮೊದಲು ಇಲ್ಲಿಗೆ ತಲುಪಬೇಕು, ಆಮೇಲೆ ಕೇಳಬೇಕು. ನಿರಾಶ್ರಿತರ ಹಕ್ಕುಗಳ ಬಗ್ಗೆ 1951ರ ಜಿನೀವಾ ಒಪ್ಪಂದ ಬರೆದವರಿಗೆ ಇದು ಗೊತ್ತಿತ್ತು. ಜೀವಭಯದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ನಿಂತವರನ್ನು ಅನುಮತಿ ಇಲ್ಲದೆ ಒಳಗೆ ಬಂದದ್ದಕ್ಕೆ ಶಿಕ್ಷಿಸಬಾರದು ಅಂತ 31ನೇ ವಿಧಿಯಲ್ಲಿ ಬರೆದಿಟ್ಟರು.

ಒಂದು ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತವರು ಇನ್ನೂ ಮುಂದೆ ಹೋದರು. "ಕೆಲಸಾನೂ ಮಾಡಲ್ಲ, ಸುಮ್ನೆ ಕೂತು ತಿಂತಾರೆ ಮೇಡಂ." ನನಗೆ ಸಿಟ್ಟು ಬಂತು. ಮೊದಲ ಮೂರು ತಿಂಗಳು ಕೆಲಸ ಮಾಡಬಾರದು ಅನ್ನುವುದು ಇಲ್ಲಿನ ಕಾನೂನೇ ಸಾರ್. ಶಿಬಿರದಲ್ಲಿ ಇರಬೇಕಾದವರಿಗೆ ಇನ್ನೂ ಜಾಸ್ತಿ ಸಮಯ ಹಿಡಿಯುತ್ತದೆ. ನನ್ನ ಹತ್ತಿರ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವುದು "ಕೆಲಸ ಯಾವಾಗ ಸಿಗುತ್ತೆ" ಅಂತ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹೋಳಿಗೆ ಮೇಲಿನ ತುಪ್ಪ ಗಟ್ಟಿಯಾಗಿತ್ತು. ಅವರು ಪಾಪ, ಇನ್ನೊಂದು ಹೋಳಿಗೆ ಹಾಕಿಸಿ ಕೊಟ್ಟರು. ಆದರೆ ಮಾತು ವಾಪಸ್ ತಗೊಳ್ಳಲಿಲ್ಲ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ. ಕಾಗದಪತ್ರ ಇಲ್ಲದವರಿಗೆ ಕಾಯಿಲೆ ಬಂದರೆ ಎಲ್ಲಿಗೆ ಹೋಗುತ್ತಾರೆ?

ಚಿಕಿತ್ಸೆಯ ಹಕ್ಕು ಅವರಿಗೂ ಇದೆ. ಕಾಯಿಲೆ ಜೋರಾದರೆ, ನೋವಿದ್ದರೆ, ಬಸುರಿಯಾದರೆ ಸರ್ಕಾರ ಖರ್ಚು ಕೊಡಬೇಕು. ಆದರೆ ಅದಕ್ಕೆ ಮೊದಲು ಸಮಾಜ ಕಲ್ಯಾಣ ಕಚೇರಿಯಿಂದ ಚಿಕಿತ್ಸೆಯ ಚೀಟಿ ತರಬೇಕು. ವಿದೇಶಿಯರ ವಾಸದ ಕಾನೂನಿನ 87ನೇ ಕಲಂ ಪ್ರಕಾರ ಆ ಕಚೇರಿ ಇವರ ವಿಷಯವನ್ನು ವಿದೇಶಿಯರ ಇಲಾಖೆಗೆ ತಿಳಿಸಲೇಬೇಕು. ಚೀಟಿ ಕೇಳಿದರೆ ಗಡಿಪಾರಿನ ಭಯ, ಕೇಳದಿದ್ದರೆ ಕಾಯಿಲೆ. ತುರ್ತು ಪರಿಸ್ಥಿತಿಯಲ್ಲಿ ಆಸ್ಪತ್ರೆಗೆ ಹೋದರೆ ವೈದ್ಯರ ಗೋಪ್ಯತೆಯ ನಿಯಮ ಅವರನ್ನು ಕಾಪಾಡುತ್ತದೆ. ಆದರೆ ಎದೆಯಲ್ಲಿ ಒಂದು ಸಣ್ಣ ಗಂಟು ಸಿಕ್ಕರೆ ಅದು ತುರ್ತು ಅಲ್ಲ. ಅಂಥ ಹೆಂಗಸು ಕಾಯುತ್ತಾಳೆ. ಗಂಟು ಕಾಯುವುದಿಲ್ಲ.

ಶಾಲೆಗಳನ್ನು 2011ರಲ್ಲಿ ಈ ನಿಯಮದಿಂದ ಹೊರಗಿಟ್ಟರು. ಈಗ ಅಪ್ಪ ಅಮ್ಮನ ಕಾಗದ ಏನೇ ಇರಲಿ, ಮಗುವನ್ನು ಶಾಲೆಗೆ ಸೇರಿಸಿದರೆ ಶಾಲೆಯವರು ಯಾರಿಗೂ ತಿಳಿಸಬೇಕಾಗಿಲ್ಲ. ಅದರಿಂದ ದೇಶವೇನೂ ಮುಳುಗಲಿಲ್ಲ. ಆರೋಗ್ಯಕ್ಕೂ ಹಾಗೇ ಮಾಡಿ ಅಂತ ನಾವು ಕೇಳುತ್ತಲೇ ಇದ್ದೇವೆ.

ಅಲ್ಲಿಯವರೆಗೆ ಬರ್ಲಿನ್, ಹ್ಯಾಂಬರ್ಗ್‌ನಂಥ ಊರುಗಳಲ್ಲಿ ಮೆಡಿಬ್ಯೂರೋಗಳಿವೆ. ಅಲ್ಲಿ ಕಾಗದ ಕೇಳುವುದಿಲ್ಲ, ದುಡ್ಡೂ ಕೇಳುವುದಿಲ್ಲ, ನೋಡಲು ಒಪ್ಪಿದ ವೈದ್ಯರ ಹತ್ತಿರ ಕಳಿಸುತ್ತಾರೆ. ನಿಮ್ಮ ಮನೆ ಕ್ಲೀನ್ ಮಾಡಲು ಬರುವವರು ತಿಂಗಳಿಂದ ಕೆಮ್ಮುತ್ತಿದ್ದರೆ, ಅವರ ವೀಸಾ ವಿಚಾರಿಸಬೇಡಿ. ನಿಮ್ಮೂರಿನ ಮೆಡಿಬ್ಯೂರೋ ವಿಳಾಸ ಹುಡುಕಿ ಕೊಡಿ. ಸಾಧ್ಯವಾದರೆ ಜೊತೆಗೆ ಹೋಗಿ.