“ಯಾವ ಟಿವಿ ಒಳ್ಳೇದು?” ಎಂದು ಕೇಳುವವರಿಗೆ

ಹಾಸನದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡು ಇಪ್ಪತ್ತೆಂಟು ವರ್ಷಗಳಾದವು. ಮದುವೆಮನೆಯ ಊಟದ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ, ಒಮ್ಮೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ನನಗೆ ಎದುರಾದ ಪ್ರಶ್ನೆ ಒಂದೇ: “ಯಾವ ಟಿವಿ ಒಳ್ಳೇದು? ಒಂದೇ ಮಾತಲ್ಲಿ ಹೇಳ್ಬಿಡಿ.” ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ, ಬೇಸರಪಟ್ಟುಕೊಳ್ಳುವವರು ಪಟ್ಟುಕೊಳ್ಳಲಿ.

ಪ್ರಶ್ನೆಗಿಂತ ನನ್ನನ್ನು ಕೆರಳಿಸುವುದು “ಒಂದೇ ಮಾತಲ್ಲಿ” ಎಂಬ ಆ ಷರತ್ತು. ಕಾಫಿ ಗಿಡಕ್ಕೆ ಯಾವ ಗೊಬ್ಬರ ಒಳ್ಳೆಯದೆಂದು ನಾನು ಕೇಳಿದರೆ ಮಣ್ಣು ಯಾವುದು, ನೆರಳೆಷ್ಟು, ಗಿಡದ ವಯಸ್ಸೆಷ್ಟು ಎಂದು ಅರ್ಧ ಗಂಟೆ ವಿಚಾರಿಸುವ ತೋಟದವರೇ, ಟಿವಿಯ ವಿಷಯಕ್ಕೆ ಬಂದರೆ ಕಂಪನಿಯ ಹೆಸರೊಂದನ್ನು ಹೇಳಿ ಸುಮ್ಮನಾಗು ಎನ್ನುತ್ತಾರೆ. ನೀವು ನೋಡುವುದೇನು, ಕೂರುವುದು ಎಷ್ಟು ದೂರದಲ್ಲಿ ಎಂದು ನಾನು ಕೇಳಿದರೆ, ಗೊತ್ತಿಲ್ಲದೆ ಜಾರಿಕೊಳ್ಳುತ್ತಿದ್ದಾನೆ ಎಂಬಂತೆ ಮುಖ ನೋಡುತ್ತಾರೆ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲಂತೂ ಈ ಹಾವಳಿ ಹೆಚ್ಚಾಯಿತು. ಆ ದೀಪಾವಳಿಗೆ ಸಕಲೇಶಪುರದ ಕಡೆಯ ನಮ್ಮ ನೆಂಟರೊಬ್ಬರು ನನ್ನಿಂದ ಇಪ್ಪತ್ತು ನಿಮಿಷ ಸಲಹೆ ಕೇಳಿ, ಕೊನೆಗೆ ಭಾವಮೈದುನನ ಮಾತಿನಂತೆ 55 ಇಂಚಿನ 4ಕೆ ಟಿವಿ ತಂದರು. ವಾರದೊಳಗೆ ಫೋನ್ ಬಂತು: “ಮುಖಗಳೆಲ್ಲ ಮೇಣ ಬಳಿದ ಹಾಗೆ ಕಾಣ್ತವೆ.” ಸಲಹೆ ಭಾವಮೈದುನನದಾದರೂ ದೂರು ಮಾತ್ರ ನನ್ನ ಪಾಲಿಗೆ.

ಸುರಿಯುವ ಮಳೆಯಲ್ಲಿ ಹೋಗಿ ಸೆಟ್‌ಟಾಪ್ ಬಾಕ್ಸಿನ ಹಿಂದೆ ಕೈ ಹಾಕಿದಾಗ ಸಿಕ್ಕಿದ್ದು ಹಳದಿ, ಕೆಂಪು, ಬಿಳಿ ತುದಿಗಳ ಹಳೆಯ ಎವಿ ತಂತಿ. ಬಾಕ್ಸಿನ ಜೊತೆ ಬಂದಿದ್ದ, ಹೆಚ್ಚು ಸ್ಪಷ್ಟ ಚಿತ್ರ ಹೊರಬಲ್ಲ ಎಚ್‌ಡಿಎಂಐ ಕೇಬಲ್ ಪ್ಲಾಸ್ಟಿಕ್ ಚೀಲದಿಂದಲೂ ಹೊರಬರದೆ ಷೋಕೇಸಿನಲ್ಲಿ ಗಣೇಶನ ಪಕ್ಕ ಕೂತಿತ್ತು. ಆ ಹಳದಿ ತಂತಿ ಹೊರಬಲ್ಲ ಚಿತ್ರ ಹೆಚ್ಚೆಂದರೆ 720 ಅಡ್ಡ, 576 ಉದ್ದ, ಅಂದರೆ ಸುಮಾರು ನಾಲ್ಕು ಲಕ್ಷ ಚುಕ್ಕೆಗಳದ್ದು. 4ಕೆ ಪರದೆಯಲ್ಲಿರುವುದು 3840ಕ್ಕೆ 2160, ಹತ್ತಿರ ಹತ್ತಿರ 83 ಲಕ್ಷ. ಪ್ರತಿ 20 ಚುಕ್ಕೆಗಳಲ್ಲಿ 19ನ್ನು ಟಿವಿ ತಾನೇ ಊಹಿಸಿ ತುಂಬಬೇಕಾದಾಗ, ಊಹೆಯ ಮುಖಕ್ಕೆ ಮೇಣದ ಹೊಳಪು ಬಾರದೆ ಇನ್ನೇನು ಬರುತ್ತದೆ? ಇಲ್ಲೇ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದವರು 1982ರಿಂದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾರೆ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಕೆಡದೆ ಇಳಿದು ಬಂದ ಚಿತ್ರ, ಕೊನೆಯ ಒಂದೂವರೆ ಮೀಟರಿನಲ್ಲಿ ಹಳದಿ ತಂತಿಗೆ ಬಲಿಯಾಗಿತ್ತು.

ಕೇಬಲ್ ಬದಲಿಸಿ, ಎಚ್‌ಡಿ ಚಾನೆಲ್ ಹಾಕಿದೆ. ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಗಿರಾಕಿಯ ಕಣ್ಣು ಸೆಳೆಯುವುದಕ್ಕೆಂದೇ ಇರುವ ‘ವಿವಿಡ್’ ಮೋಡನ್ನು ತೆಗೆದೆ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಸಿನಿಮಾಕ್ಕೆ ನಡುನಡುವೆ ತನ್ನದೇ ಚೌಕಟ್ಟುಗಳನ್ನು ತುರುಕಿ ಅದನ್ನು ಧಾರಾವಾಹಿಯಂತೆ ಜಾರಿಸುವ ಮೋಷನ್ ಸ್ಮೂದಿಂಗನ್ನೂ ನಿಲ್ಲಿಸಿದೆ. ನೆಂಟರು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಇದನ್ನ ಮೊದಲೇ ಹೇಳಬಾರದಾಗಿತ್ತಾ?” ಎಂದರು.

ಇಷ್ಟಾದ ಮೇಲೂ ಉತ್ತರ ಬೇಕೇ ಬೇಕೆನ್ನುವವರು ಮೊದಲು ಟೇಪು ಹಿಡಿದು ಸೋಫಾದಿಂದ ಗೋಡೆಗೆ ಅಳೆಯಲಿ. 43 ಇಂಚಿನ ಪರದೆಯನ್ನು 6 ಅಡಿಗಿಂತ ಆಚೆಯಿಂದ ನೋಡುವ ಸಾಮಾನ್ಯ ಕಣ್ಣಿಗೆ ಫುಲ್ ಎಚ್‌ಡಿಗೂ (1920ಕ್ಕೆ 1080 ಚುಕ್ಕೆ) 4ಕೆಗೂ ವ್ಯತ್ಯಾಸ ತಿಳಿಯುವುದು ಕಷ್ಟ. 55 ಇಂಚಿಗೆ ಆ ಗಡಿ ಸುಮಾರು 7 ಅಡಿ. ಹತ್ತು ಅಡಿ ದೂರ ಕೂತು, ಆ ಹಳದಿ ತಂತಿಯಷ್ಟೇ ಚುಕ್ಕೆಗಳ ಎಸ್‌ಡಿ ಚಾನೆಲ್ ನೋಡುವವರು 4ಕೆಗೆ ಕೊಡುವ ದುಡ್ಡು ಗೋಡೆಯ ಅಲಂಕಾರಕ್ಕೆ ಕೊಟ್ಟಂತೆಯೇ. ಇನ್ನು “ಓಎಲ್‌ಇಡಿ, ಕ್ಯೂಎಲ್‌ಇಡಿ ಎರಡೂ ಒಂದೇ ತಾನೇ, ಒಂದಕ್ಷರ ಹೆಚ್ಚುಕಮ್ಮಿ” ಎನ್ನುವವರ ಜೊತೆ ನಾನು ಮಾತು ಬೆಳೆಸುವುದಿಲ್ಲ.

ಬೆಳೆಸುವುದಾದರೆ ಬೇರೊಂದು ಪ್ರಶ್ನೆಗೆ ಬೆಳೆಸಬೇಕು. ಅದನ್ನು ಕೇಳಿದವರನ್ನು ಕಾಫಿ ತರಿಸಿ ಕೂರಿಸಿಕೊಂಡೇನು. ಟಿವಿ ಕಪ್ಪನ್ನು ತೋರಿಸುವುದು ಹೇಗೆ? ಬೆಳಕು ಕೊಡುವುದು ಯಾವ ಬಲ್ಬಿಗೂ ಗೊತ್ತು. ನಾವು ಎಲ್‌ಇಡಿ ಟಿವಿ ಎನ್ನುವುದು ನಿಜವಾಗಿ ಎಲ್‌ಸಿಡಿ: ಹಿಂದೆ ಸದಾ ಉರಿಯುವ ಎಲ್‌ಇಡಿ ದೀಪಗಳು, ಅವುಗಳ ಮುಂದೆ ಬೆಳಕನ್ನು ಬಿಡುವ ಅಥವಾ ತಡೆಯುವ ದ್ರವಸ್ಫಟಿಕದ ಲಕ್ಷಾಂತರ ಕಿಟಕಿಗಳು. ಈ ಕಿಟಕಿಗಳು ಎಷ್ಟು ಬಿಗಿಯಾಗಿ ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುವುದರಿಂದ ರಾತ್ರಿಯ ದೃಶ್ಯ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಕಿಟಕಿಗಳ ಈ ಹಾಳೆಯೇ ಪ್ಯಾನೆಲ್. ವಿಎ ಎಂಬ ಜಾತಿಯ ಪ್ಯಾನೆಲಿನಲ್ಲಿ ಸೋರಿಕೆ ಕಡಿಮೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ. ಐಪಿಎಸ್ ಎಂಬ ಇನ್ನೊಂದು ಜಾತಿಯ ಪ್ಯಾನೆಲ್ ಇದಕ್ಕೆ ತಿರುಗುಮುರುಗು. ಹಜಾರದ ಮೂಲೆ ಮೂಲೆಯಲ್ಲೂ ಜನ ಕೂರುವ ತುಂಬಿದ ಮನೆಗೆ ಅದೇ ಸರಿ. ಕ್ಯೂಎಲ್‌ಇಡಿ ಕೂಡ ಬಣ್ಣವನ್ನು ಗಾಢವಾಗಿಸುವ ಒಂದು ಪದರವನ್ನು ಸೇರಿಸಿದ ಎಲ್‌ಸಿಡಿಯೇ. ಓಎಲ್‌ಇಡಿಯಲ್ಲಿ ಮಾತ್ರ ಪ್ರತಿ ಚುಕ್ಕೆಯೂ ತಾನೇ ದೀಪ. ಕಪ್ಪು ಬೇಕಾದಲ್ಲಿ ಅದು ಆರಿಯೇ ಬಿಡುತ್ತದೆ. ಹಾಗೆಂದು ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ವಾಹಿನಿ ಹಾಕಿಡುವ ಮನೆಗೆ ಅದನ್ನು ನಾನು ಹೇಳಲಾರೆ, ಏಕೆಂದರೆ ಕದಲದೆ ನಿಂತ ಆ ಕೆಂಪು ಪಟ್ಟಿಯ ಅಚ್ಚು ವರ್ಷಗಳು ಕಳೆದಂತೆ ಪರದೆಯಲ್ಲೇ ಉಳಿದುಬಿಡಬಹುದು.

ಪರದೆಯ ಹಿಂದಿರುವ ಈ ದೀಪಗಳ, ಅಂದರೆ ಬ್ಯಾಕ್‌ಲೈಟಿನ ಸಂಗತಿ ನನ್ನ ಮೇಜಿನ ಮೇಲೆ ಚೆನ್ನಾಗಿ ಕಾಣುತ್ತದೆ. “ಮಾತು ಕೇಳ್ತದೆ, ಚಿತ್ರ ಇಲ್ಲ, ಪ್ಯಾನೆಲ್ ಹೋಯ್ತು” ಎಂದು ಟಿವಿ ಹೊತ್ತು ತಂದವರ ಎದುರಿಗೇ ಅಂಗಡಿಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯುತ್ತೇನೆ. ಆ ಬೆಳಕಿನ ವೃತ್ತದೊಳಗೆ ಧಾರಾವಾಹಿಯ ಸೊಸೆ ಮಸಕುಮಸಕಾಗಿ ಅಳುತ್ತಿರುತ್ತಾಳೆ. ಕಿಟಕಿಗಳೆಲ್ಲ ಸರಿಯಾಗಿವೆ, ಹಿಂದೆ ದೀಪವಿಲ್ಲ, ಅಷ್ಟೆ. ಸರದಂತೆ ಒಂದರ ಬೆನ್ನಿಗೊಂದು ಜೋಡಿಸಿದ ಎಲ್‌ಇಡಿ ಮಣಿಗಳಲ್ಲಿ ಒಂದು ಸುಟ್ಟರೂ ಸಾಕು, ಪರದೆಯೆಲ್ಲ ಕತ್ತಲಾಗಬಹುದು. ಬ್ಯಾಕ್‌ಲೈಟನ್ನು ಸದಾ 100ರಲ್ಲಿಟ್ಟವರಿಗೆ ಆ ದಿನ ಬೇಗ ಬರುತ್ತದೆ. ನನ್ನ ಮನೆಯ 32 ಇಂಚಿನ ಹಳೆಯ ಟಿವಿ ಎರಡು ಸಲ ಈ ಎಲ್‌ಇಡಿ ಮಣಿಗಳ ಪಟ್ಟಿ ಬದಲಿಸಿಕೊಂಡು ಇನ್ನೂ ನಡೆಯುತ್ತಿದೆ. ಇದು ತಿಳಿದವರಿಗೆ ನನ್ನ ಸಲಹೆಯ ಮೇಲಿನ ಗೌರವ ಅರ್ಧ ಇಳಿಯುತ್ತದೆ.

ನೆಂಟರ ಟಿವಿಯ ಬ್ಯಾಕ್‌ಲೈಟನ್ನೂ ಅಂದು 45ಕ್ಕೆ ಇಳಿಸಿ, ಏಕೆಂದು ವಿವರಿಸಿ ಬಂದಿದ್ದೆ. ಮುಂದಿನ ಸಲ ಹೋದಾಗ ಅದು ಮತ್ತೆ 100ರಲ್ಲಿತ್ತು. ಕೇಳಿದ್ದಕ್ಕೆ ಅವರು, “ಪೂರ್ತಿ ಬೆಳಕಿಗೂ ಸೇರಿಸಿಯೇ ದುಡ್ಡು ಕೊಟ್ಟಿದ್ದೀನಲ್ಲ” ಎಂದು ತಟ್ಟೆಗೆ ಇನ್ನೊಂದು ಅಕ್ಕಿರೊಟ್ಟಿ ಹಾಕಿದರು.