ಸೀಟು ಸಿಕ್ಕಿತಲ್ಲ, ಫೆಲೋಶಿಪ್ ಬರುತ್ತಲ್ಲ, ಇನ್ನೇನು ಬೇಕು?

ವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡುವ ದಲಿತ, ಆದಿವಾಸಿ ವಿದ್ಯಾರ್ಥಿಗಳ ಜೊತೆ ನಾನು ಓಡಾಡುತ್ತೇನೆ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬರುತ್ತದೆ. ಬಹಳ ಜನ ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳುತ್ತಾರೆ. ಕೇಂದ್ರದ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5 ಸೀಟು ಮೀಸಲು. ರಾಷ್ಟ್ರೀಯ ಫೆಲೋಶಿಪ್ ಯೋಜನೆಯಲ್ಲಿ ವರ್ಷಕ್ಕೆ ಪರಿಶಿಷ್ಟ ಜಾತಿಯ 2,000 ಮತ್ತು ಪಂಗಡದ 750 ಮಂದಿಗೆ ಜಾಗ ಇದೆ. 2023ರಿಂದ ಈ ಫೆಲೋಶಿಪ್ ಹಣ ಪಿಎಚ್‌ಡಿಯ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಈ ಅಂಕಿಗಳನ್ನು ಓದಿದವರಿಗೆ ಇನ್ನೇನು ಕೊರತೆ ಅನ್ನಿಸುವುದು ಸಹಜ, ಅಲ್ವಾ?

ನನ್ನ ಉತ್ತರ ಹೀಗೆ. ಸೀಟು ಬೇಕೇ ಬೇಕು, ಹಣವೂ ಬೇಕೇ ಬೇಕು. ಆದರೆ ಪಿಎಚ್‌ಡಿ ಮುಗಿಯುತ್ತದೋ ಇಲ್ಲವೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ಮೊದಲ ಒಂದೆರಡು ವರ್ಷಗಳಲ್ಲಿ, ಲ್ಯಾಬಿನ ಒಳಗೆ.

ಎಂಎಸ್ಸಿವರೆಗೆ ಸಿಲಬಸ್ ಇರುತ್ತದೆ, ಪರೀಕ್ಷೆ ಇರುತ್ತದೆ, ಹಳೆಯ ಪ್ರಶ್ನೆಪತ್ರಿಕೆ ಇರುತ್ತದೆ. ಕಷ್ಟಪಟ್ಟು ಓದಿದರೆ ದಾರಿ ಕಾಣುತ್ತದೆ. ಪಿಎಚ್‌ಡಿಯಲ್ಲಿ ಶುರುವಿನ ತರಗತಿಗಳು, ಅಂದರೆ ಕೋರ್ಸ್‌ವರ್ಕ್, ಮುಗಿದ ಮೇಲೆ ಅಂಥದ್ದೇನೂ ಇಲ್ಲ. ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರು, ಒಂದು ಸಂಶೋಧನಾ ಪೇಪರ್ ಕೊಟ್ಟು "ಇದನ್ನ ನೋಡು" ಅನ್ನುತ್ತಾರೆ, ಅಷ್ಟೇ. ಪ್ರಯೋಗ ಆರು ತಿಂಗಳು ಕೈಕೊಟ್ಟರೂ ಅದು ಮಾಮೂಲಿ, ಪೇಪರ್ ಅರ್ಥವಾಗದಿದ್ದರೆ ಬರೆದವರಿಗೇ ಮೇಲ್ ಹಾಕಬಹುದು, ತೀರಾ ಹೊಂದಾಣಿಕೆ ಆಗದಿದ್ದರೆ ಗೈಡ್ ಬದಲಾಯಿಸಿಕೊಳ್ಳಲೂ ದಾರಿ ಇದೆ, ಯಾವ ಕಾನ್ಫರೆನ್ಸಿಗೆ ಯಾವಾಗ ಅರ್ಜಿ ಹಾಕಬೇಕು, ಇವನ್ನೆಲ್ಲ ಯಾರೂ ಒಂದು ಕಡೆ ಬರೆದಿಟ್ಟಿರುವುದಿಲ್ಲ. ಅಪ್ಪ ಅಮ್ಮ ಪ್ರೊಫೆಸರ್ ಆಗಿದ್ದರೆ ಊಟಕ್ಕೆ ಕೂತಾಗ ಕಿವಿಗೆ ಬಿದ್ದಿರುತ್ತದೆ. ಉಳಿದವರಿಗೆ ಸೀನಿಯರ್‌ಗಳಿಂದ ಸಿಗಬೇಕು, ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ.

ಆ ಟೀಗೆ ಯಾರನ್ನು ಕರೆಯುತ್ತಾರೆ? ಜಾತಿ ಅಡ್ಡ ಬರುವುದು ಇಲ್ಲೇ. "ನಿಂದು ರ‍್ಯಾಂಕ್ ಎಷ್ಟು?" ಅಂತ ಹಾಸ್ಟೆಲಿನಲ್ಲಿ ಕೇಳುವುದರ ಹಿಂದೆ ಇರುವುದು "ನೀನು ಕೋಟಾದಲ್ಲಿ ಬಂದವನಾ?" ಅನ್ನುವ ಪ್ರಶ್ನೆ ಅಂತ ಕೇಳಿಸಿಕೊಂಡವರಿಗೆ ಚೆನ್ನಾಗಿ ಗೊತ್ತು. ಉತ್ತರ ಕೊಟ್ಟ ಮೇಲೆ ಯಾರೂ ಜಗಳವಾಡುವುದಿಲ್ಲ, ಬೈಯುವುದೂ ಇಲ್ಲ. ಮಾತು ಕಡಿಮೆಯಾಗುತ್ತದೆ. ಆಮೇಲೆ ಆ ವಿದ್ಯಾರ್ಥಿ ಗ್ರೂಪ್ ಮೀಟಿಂಗಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾನೆ. ತಾನೊಬ್ಬ ತಪ್ಪು ಪ್ರಶ್ನೆ ಕೇಳಿದರೆ ಕೋಟಾದಲ್ಲಿ ಬಂದವರೆಲ್ಲ ಹೀಗೇ ಅಂದುಬಿಡುತ್ತಾರೆ ಅನ್ನುವ ಭಯ. ಪಕ್ಕದವನು ಅದೇ ಪ್ರಶ್ನೆ ಕೇಳಿದರೆ ಅದು ಬರೀ ಒಂದು ಪ್ರಶ್ನೆ.

ನನಗೆ ಗೊತ್ತಿರುವ ಒಬ್ಬ ಹುಡುಗಿ, ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು, ಬೆಳಕನ್ನು ಅಳೆಯುವ ಸ್ಪೆಕ್ಟ್ರೋಮೀಟರ್ ಅನ್ನುವ ಯಂತ್ರದಲ್ಲಿ ಸರಿಯಾದ ರೀಡಿಂಗ್ ಬಾರದೆ ತಿಂಗಳುಗಟ್ಟಲೆ ಒದ್ದಾಡಿದಳು. ತಪ್ಪು ತನ್ನದೇ ಅಂದುಕೊಂಡು ಸ್ಯಾಂಪಲ್ ಮತ್ತೆ ಮತ್ತೆ ತಯಾರಿಸಿದಳು. ಯಂತ್ರದ ಲ್ಯಾಂಪ್ ಹಳೆಯದಾಗಿತ್ತು. ಲ್ಯಾಬಿನ ಉಳಿದವರಿಗೆಲ್ಲ ಅದು ಗೊತ್ತಿತ್ತು! ಅವರೆಲ್ಲ ಪಕ್ಕದ ಡಿಪಾರ್ಟ್‌ಮೆಂಟಿಗೆ ಹೋಗಿ ಅಳೆದುಕೊಂಡು ಬರುತ್ತಿದ್ದರು. ಅವಳಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಮೆರಿಕದಲ್ಲಿ ಕಪ್ಪು, ಲ್ಯಾಟಿನೋ, ಮೂಲನಿವಾಸಿ ವಿದ್ಯಾರ್ಥಿಗಳ ವಿಷಯದಲ್ಲಿ ಇದೇ ತೊಡಕು ಇತ್ತು, ಈಗಲೂ ಇದೆ. ಅಲ್ಲಿನ ನ್ಯಾಶ್‌ವಿಲ್ ಊರಿನಲ್ಲಿ 2004ರಲ್ಲಿ ಎರಡು ವಿಶ್ವವಿದ್ಯಾಲಯಗಳು ಸೇರಿ ಒಂದು ಕೆಲಸ ಮಾಡಿದವು. ವಿದ್ಯಾರ್ಥಿ ಮೊದಲು ಕಪ್ಪು ಜನರ ಹಳೆಯ ವಿದ್ಯಾಸಂಸ್ಥೆ ಫಿಸ್ಕ್‌ನಲ್ಲಿ ಮಾಸ್ಟರ್ಸ್ ಮಾಡುತ್ತಾನೆ, ಅದೇ ಹೊತ್ತಿಗೆ ವ್ಯಾಂಡರ್‌ಬಿಲ್ಟ್‌ನ ಲ್ಯಾಬುಗಳಲ್ಲಿ ಸಂಶೋಧನೆ ಶುರು ಮಾಡುತ್ತಾನೆ. ಪಿಎಚ್‌ಡಿಗೆ ಸೇರುವಷ್ಟರಲ್ಲಿ ಗೈಡ್‌ಗೆ ಹುಡುಗ ಗೊತ್ತು, ಹುಡುಗನಿಗೆ ಲ್ಯಾಬ್ ಗೊತ್ತು. ಆಯ್ಕೆ ಮಾಡುವಾಗ ಅಲ್ಲಿನ ಪ್ರವೇಶ ಪರೀಕ್ಷೆಯಾದ ಜಿಆರ್‌ಇ ಅಂಕಕ್ಕೆ ಜೋತುಬೀಳದೆ, ಕಷ್ಟ ಬಂದಾಗ ಹೇಗೆ ನಿಭಾಯಿಸಿದೆ ಅಂತ ಕೂರಿಸಿಕೊಂಡು ಕೇಳುತ್ತಾರೆ. ಮೊದಲು ಪರಿಚಯ, ಆಮೇಲೆ ಭಾರ. ಈ ಕ್ರಮ ನನಗೆ ತುಂಬಾ ಸರಿ ಅನ್ನಿಸುತ್ತದೆ.

ನಮ್ಮಲ್ಲೂ ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. ಆಯ್ಕೆಯಾದವರನ್ನು ತರಗತಿ ಶುರುವಾಗುವ ಎರಡು ತಿಂಗಳ ಮುಂಚೆ, ಸಂಬಳ ಕೊಟ್ಟು, ಲ್ಯಾಬಿಗೆ ಕರೆಸಿಕೊಳ್ಳಬಹುದು. ಲ್ಯಾಬಿನ ಹೊರಗೆ ಇನ್ನೊಬ್ಬ ಪ್ರಾಧ್ಯಾಪಕರು ಇರಲಿ, ಗೈಡ್ ಬಗ್ಗೆಯೇ ತೊಂದರೆ ಇದ್ದರೆ ಹೇಳಿಕೊಳ್ಳಲು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ವಿಷಯದಲ್ಲಿ ಗಟ್ಟಿ ಇದ್ದರೂ ಮೊದಲ ಪೇಪರ್ ಬರೆಯುವಾಗ ತಡವರಿಸುತ್ತಾರೆ. "ಇಂಗ್ಲಿಷ್ ಸರಿ ಮಾಡು" ಅಂತ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರೆ ಏನು ಕಲಿಯುತ್ತಾರೆ? ನಾನು ಕಂಡ ಒಳ್ಳೆಯ ಗೈಡ್‌ಗಳು ಪಕ್ಕದಲ್ಲಿ ಕೂತು ಒಂದು ಪ್ಯಾರಾ ಜೊತೆಯಲ್ಲೇ ಬರೆಯುತ್ತಾರೆ. ಎರಡನೇ ಪೇಪರಿಗೆ ಆ ಸಹಾಯ ಬೇಕಾಗುವುದೇ ಇಲ್ಲ.

ಹಣದ ಬಗ್ಗೆಯೂ ಒಂದು ಮಾತು. ಮಂಜೂರಾಗುವುದು ಬೇರೆ, ಕೈಗೆ ಬರುವುದು ಬೇರೆ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿಯಲ್ಲಿ ಆತ್ಮಹತ್ಯೆಗೆ ಮುಂಚೆ ಬರೆದಿಟ್ಟ ಕೊನೆಯ ಪತ್ರದಲ್ಲಿ, ತನಗೆ ಏಳು ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿ ಬರಬೇಕಿದೆ, ಅದನ್ನು ಮನೆಯವರಿಗೆ ಕೊಡಿಸಿ ಅಂತ ಕೇಳಿಕೊಂಡಿದ್ದರು. ಎಷ್ಟೋ ಮನೆಗಳಲ್ಲಿ ಈ ಹಣದಲ್ಲೇ ತಂಗಿಯ ಫೀಸು, ಸಾಲದ ಕಂತು ಎಲ್ಲಾ ನಡೆಯುತ್ತದೆ. ತಡವಾದಾಗ ಸಂಸ್ಥೆ ತನ್ನ ನಿಧಿಯಿಂದ ಮುಂಗಡ ಕೊಟ್ಟು ಆಮೇಲೆ ಹಿಡಿದುಕೊಳ್ಳಬಹುದು. ಅದಕ್ಕೆ ಬೇಕಾಗಿರುವುದು ಕಚೇರಿಯ ಒಂದು ಆದೇಶ.

"ಇದೆಲ್ಲ ಎಲ್ಲಾ ವಿದ್ಯಾರ್ಥಿಗಳಿಗೂ ಬೇಕಲ್ವಾ?" ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ಹೌದು, ಎಲ್ಲರಿಗೂ ಮಾಡಿ. ಲ್ಯಾಬಿನಲ್ಲಿ ಯಾವ ಯಂತ್ರ ಕೆಟ್ಟಿದೆ, ಯಾವ ಫಾರ್ಮ್ ಯಾರ ಹತ್ತಿರ ಸಹಿ ಮಾಡಿಸಬೇಕು, ರಜೆ ಹೇಗೆ ಕೇಳಬೇಕು ಅನ್ನುವ ಹತ್ತು ಪುಟದ ಕೈಪಿಡಿ ಬರೆದು ಹೊಸಬರು ಬಂದ ದಿನವೇ ಎಲ್ಲರ ಕೈಗೂ ಕೊಡಿ. ನೀವು ಗೈಡ್ ಆಗಿದ್ದರೆ, ಮುಂದಿನ ಬ್ಯಾಚ್ ಬರುವ ಮುಂಚೆ ಅದನ್ನು ನಿಮ್ಮ ಸೀನಿಯರ್ ವಿದ್ಯಾರ್ಥಿಗಳ ಕೈಯಲ್ಲೇ ಬರೆಸಿ.